ಮಂಡಿ ಆಪರೇಷನ್ ಆದ ಮೇಲಿನ ಆರು ವಾರ

2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಅಲ್ಲಿಯವರೆಗೆ ಸರಾಸರಿ 1,58,000 ರೂಪಾಯಿಯ ಆಸುಪಾಸಿನಲ್ಲಿದ್ದ, ಅತಿ ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಕಾಲಿನೊಳಗೆ ಕೂರಿಸುವ ಲೋಹಕ್ಕೆ ಹೀಗೊಂದು ಮಿತಿ ಬಂದಿತಾದರೂ, ರೋಗಿಯು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಆಗುವ ಖರ್ಚಿಗೆ, ಅಂದರೆ ಫಿಸಿಯೋಥೆರಪಿಗೆ, ಬಾಡಿಗೆಯ ಯಂತ್ರಕ್ಕೆ, ಆಯಾಗೆ, ಆಪರೇಷನ್ ಆದವರನ್ನು ಇಟ್ಟುಕೊಂಡು ವ್ಯಾಯಾಮ ಮಾಡಿಸಿ ನೋಡಿಕೊಳ್ಳುವ ರಿಹ್ಯಾಬ್ ಕೇಂದ್ರದ ಕೋಣೆಗೆ ಅಂಥ ಯಾವ ಮಿತಿಯೂ ಇಲ್ಲ. ಆಪರೇಷನ್ನಿನ ಖರ್ಚನ್ನು ಎಲ್ಲರೂ ಮೊದಲೇ ವಿಚಾರಿಸಿಕೊಂಡು ಹೋಗುತ್ತಾರೆ. ಆಮೇಲಿನ ಆರು ವಾರದ ಖರ್ಚಿನ ಬಗ್ಗೆ ಡಿಸ್ಚಾರ್ಜ್ ಆಗುವ ಹೊತ್ತಿನಲ್ಲಿ, ದಣಿದ ಮನಸ್ಸಿನಿಂದ, ಯಾರೋ ಹೇಳಿದಂತೆ ತೀರ್ಮಾನ ಮಾಡಿಬಿಡುತ್ತಾರೆ.

ಹೋದ ವರ್ಷ ನಮ್ಮ ಅತ್ತೆಯವರ ಬಲಮಂಡಿಯನ್ನು ಬದಲಾಯಿಸಿದಾಗ ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಹಾಸಿಗೆಯ ಬಳಿಗೆ ಬಂದು, "ಎರಡು ವಾರ ರಿಹ್ಯಾಬ್ ಸೆಂಟರ್‌ನಲ್ಲಿ ಇರ್ಲಿ ಮೇಡಂ. ನಿಮ್ಗೂ ತೊಂದ್ರೆ ಇರಲ್ಲ, ಅಮ್ಮಂಗೂ ಬೇಗ ವಾಸಿಯಾಗುತ್ತೆ" ಎಂದರು. ದಿನಕ್ಕೆ ಆರು ಸಾವಿರ ರೂಪಾಯಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಎರಡು ಲಾಭಗಳನ್ನು ಒಂದೇ ವಾಕ್ಯದಲ್ಲಿ ಹೇಳಿ ಒಂದೇ ಬೆಲೆ ಕೇಳಿದರೆ ಅವೆರಡನ್ನೂ ಬೇರೆ ಬೇರೆ ಮಾಡಿ ನೋಡುವುದು ನನಗೆ ರೂಢಿಯಾಗಿದೆ. ವಿಚಾರಿಸುತ್ತಾ ಹೋದಂತೆ ಆ ಮಾತಿನ ಮೊದಲ ಭಾಗ ನಿಜವೆಂದೂ ಎರಡನೆಯ ಭಾಗ ಬಹುಪಾಲು ರೋಗಿಗಳ ವಿಷಯದಲ್ಲಿ ನಿಜವಲ್ಲವೆಂದೂ ಗೊತ್ತಾಯಿತು. ಈ ಬರಹವೆಲ್ಲ ಆ ಎರಡು ಭಾಗಗಳ ಬಗ್ಗೆಯೇ.

ಮೊದಲಿಗೆ, ಆ ಆರು ವಾರಗಳಲ್ಲಿ ಮಂಡಿಗೆ ಆಗಬೇಕಾದ ಕೆಲಸವಾದರೂ ಏನು? ನೋಡಲು ಬಂದ ನೆಂಟರೆಲ್ಲ ಕೇಳುವುದು "ಎಷ್ಟು ಮಡಚೋಕೆ ಬರುತ್ತೆ?" ಎಂದು. ಫಿಸಿಯೋಥೆರಪಿಸ್ಟ್ ಮೊದಲು ನೋಡುವುದು ಕಾಲು ಪೂರ್ತಿ ನೇರವಾಗುತ್ತದೆಯೋ ಇಲ್ಲವೋ ಎಂಬುದನ್ನು. ಮಂಡಿ ಹತ್ತು ಡಿಗ್ರಿಯಷ್ಟು ಬಾಗಿಯೇ ಉಳಿದರೂ ಸುಮ್ಮನೆ ನಿಂತಿರುವಾಗಲೂ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದು ದುಡಿಯಬೇಕಾಗುತ್ತದೆ, ನಡಿಗೆ ಕುಂಟುತ್ತದೆ, ಇನ್ನೊಂದು ಕಾಲಿಗೂ ಸೊಂಟಕ್ಕೂ ಭಾರ ಬೀಳುತ್ತದೆ. ಆದರೆ ನೋವಿರುವ ಮಂಡಿಗೆ ಹಿತವಾಗಿರುವುದು ಸ್ವಲ್ಪ ಬಾಗಿರುವ ಸ್ಥಿತಿಯೇ. ಆದ್ದರಿಂದ ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದ ಫಿಸಿಯೋ ಹುಡುಗಿ ಮೊದಲ ದಿನ ಒಳಗೆ ಬಂದವಳೇ "ಅಜ್ಜಿ, ಆ ದಿಂಬು ತೆಗೀರಿ" ಎಂದು ಅದನ್ನು ಎಳೆದು ಕುರ್ಚಿಯ ಮೇಲೆ ಹಾಕಿದಳು. ಒಂದು ಟವೆಲನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟು, ಮಂಡಿಯ ಹಿಂಭಾಗ ತನ್ನ ಭಾರಕ್ಕೆ ತಾನೇ ಹಾಸಿಗೆಯ ಕಡೆಗೆ ಇಳಿಯುವಂತೆ ಬಿಟ್ಟಳು. ಅತ್ತೆಯವರು ಹಲ್ಲು ಕಚ್ಚಿಕೊಂಡು ಐದು ನಿಮಿಷ ಹಾಗೆಯೇ ಮಲಗಿದ್ದರು. ಈ ಚಿಕಿತ್ಸೆಗೆ ಬೇಕಾದ ಸಲಕರಣೆ ಎಂದರೆ ಟವೆಲು.

ಮಡಚುವುದರ ಕೆಲಸ ಅದರ ಜೊತೆಜೊತೆಗೇ ನಡೆಯುತ್ತದೆ. ಎರಡು ವಾರದ ಹೊತ್ತಿಗೆ 90 ಡಿಗ್ರಿಯ ಹತ್ತಿರಕ್ಕೂ ಆರು ವಾರದ ಹೊತ್ತಿಗೆ 110ರ ಆಚೆಗೂ ಬಂದರೆ ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು ತೊಂದರೆಯಿರುವುದಿಲ್ಲ. ಇದಕ್ಕೆ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ತನ್ನ ಕಡೆಗೆ ಎಳೆದುಕೊಳ್ಳುವ ವ್ಯಾಯಾಮವಿದೆ. ಬೆಡ್‌ಶೀಟಿಗೆ ಕಾಲು ತಡೆಯುತ್ತದೆಂದು ಫಿಸಿಯೋ ಹುಡುಗಿ ಪಾದದ ಕೆಳಗೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಹಾಕಿಸಿದಳು. ಮೂರನೆಯದು ತೊಡೆಯ ಸ್ನಾಯುವಿನ ಬಲ. ವರ್ಷಗಟ್ಟಲೆ ನೋವಿನಿಂದ ಸರಿಯಾಗಿ ಬಳಸದೆ ಮೊದಲೇ ಸೊರಗಿದ್ದ ಸ್ನಾಯು ಆಪರೇಷನ್ ಆದ ಮೊದಲ ತಿಂಗಳಲ್ಲಿ ಇದ್ದ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಅದನ್ನು ಮರಳಿ ಗಳಿಸಲು ಕಾಲನ್ನು ನೇರವಾಗಿ ಎತ್ತುವುದು, ಮಂಡಿಯನ್ನು ಹಾಸಿಗೆಗೆ ಒತ್ತಿ ಹಿಡಿಯುವುದು, ಕುರ್ಚಿಯಿಂದ ಎದ್ದು ಕೂರುವುದು ಇವನ್ನೆಲ್ಲ ದಿನಕ್ಕೆ ಮೂರು ನಾಲ್ಕು ಬಾರಿ, ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ಮಾಡಬೇಕು.

ಈ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟರ ಪಾಲು ಎಷ್ಟು, ರೋಗಿಯ ಪಾಲು ಎಷ್ಟು ಎಂದು ಗಮನಿಸಬೇಕು. ರಿಹ್ಯಾಬ್ ಕೇಂದ್ರದಲ್ಲಿದ್ದರೂ ಫಿಸಿಯೋ ದಿನಕ್ಕೆ ಒಂದೋ ಎರಡೋ ಬಾರಿ ಬರುತ್ತಾರೆ. ಉಳಿದ ಹೊತ್ತೆಲ್ಲ ನಾವು ಹಣ ಕೊಡುವುದು ಹಾಸಿಗೆಗೆ, ಊಟಕ್ಕೆ, ಕರೆದಾಗ ಬರುವ ಕೈಗಳಿಗೆ. ಅವು ಬೇಡವೆಂದಲ್ಲ. ಆದರೆ ಅವನ್ನು ಚಿಕಿತ್ಸೆ ಎಂದು ಕರೆದು ಚಿಕಿತ್ಸೆಯ ದರದಲ್ಲಿ ಮಾರುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂದು ಮಂಡಿ ಬದಲಾಯಿಸಿಕೊಂಡ 165 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಹತ್ತು ದಿನ ರಿಹ್ಯಾಬ್ ಕೇಂದ್ರದಲ್ಲಿದ್ದು, ಆಮೇಲೆ ಎಂಟು ವಾರ ಮನೆಯಲ್ಲಿ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಫಿಸಿಯೋ ಮೇಲ್ವಿಚಾರಣೆಯ ಮನೆ ವ್ಯಾಯಾಮವನ್ನಷ್ಟೇ ಮಾಡಿತು. 26 ವಾರಗಳ ಬಳಿಕ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆಂದು ಅಳೆದಾಗ ಎರಡೂ ಗುಂಪಿನವರ ಸರಾಸರಿ ನಾನ್ನೂರು ಮೀಟರಿನ ಆಸುಪಾಸಿನಲ್ಲಿತ್ತು, ನಡುವಿನ ವ್ಯತ್ಯಾಸ ಸುಮಾರು ಒಂದು ಮೀಟರ್. ಇದರಲ್ಲಿದ್ದವರು ಆಪರೇಷನ್ ಆದ ಕೂಡಲೇ ದೊಡ್ಡ ತೊಡಕೇನೂ ಕಾಣಿಸಿಕೊಳ್ಳದವರು ಎಂಬುದನ್ನು ಮರೆಯಬಾರದು. ಸಿಡ್ನಿಯ ಮನೆಯಲ್ಲಿ ನೆಲದ ಮೇಲೆ ಕೂತು ಪೂಜೆ ಮಾಡುವವರಾಗಲಿ, ಹಿತ್ತಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಕಕ್ಕಸಾಗಲಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಮುಖ್ಯ ವಿಷಯ ಬದಲಾಗುವುದಿಲ್ಲ: ತೊಡಕಿಲ್ಲದ ಒಂದು ಮಂಡಿಯ ಆಪರೇಷನ್ನಿಗೆ ಕೇಂದ್ರದ ಹಾಸಿಗೆಯಿಂದ ಮಂಡಿ ಹೆಚ್ಚು ಚೆನ್ನಾಗಿ ಆಗುವುದಿಲ್ಲ.

ಬಾಡಿಗೆಗೆ ಸಿಗುವ ಯಂತ್ರದ ಕಥೆಯೂ ಇಷ್ಟೇ. ಮಲಗಿದ ರೋಗಿಯ ಕಾಲನ್ನು ಕಟ್ಟಿ, ಗಂಟೆಗಟ್ಟಲೆ ತಾನೇ ಮಡಚಿ ಚಾಚುವ ಸಿಪಿಎಂ ಯಂತ್ರದ ಮೇಲಿನ ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರನ್ ಸಂಸ್ಥೆಯವರು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಅದರಿಂದ ಸಿಗುವ ಲಾಭ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲವೆಂದು ಕಂಡುಬಂತು. ಸ್ನಾಯು ದುಡಿಯದೆ ಮಂಡಿ ಮಾತ್ರ ಅಲ್ಲಾಡಿದರೆ ಹೆಚ್ಚೇನೂ ಆಗುವುದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಮಗ ಇರುವುದು ಟೆಕ್ಸಾಸಿನಲ್ಲಿ. ಮೇಷ್ಟ್ರ ಆಪರೇಷನ್ ಗೊತ್ತಾದಾಗ ಅವನು ಮೊದಲು ಕೇಳಿದ್ದೇ ಯಾವ ರಿಹ್ಯಾಬ್ ಕೇಂದ್ರ ಎಂದು. ಅವನು ಅಲ್ಲಿ ಕಂಡ ಪದ್ಧತಿ ಅದು. ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಮೂರು ದಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದವರಿಗೆ ಶುಶ್ರೂಷಾ ಕೇಂದ್ರದ ಮೊದಲ 20 ದಿನಗಳ ಖರ್ಚನ್ನು ಪೂರ್ತಿ ಭರಿಸುತ್ತದೆ. ಹಾಗಾಗಿ ಆಪರೇಷನ್ ಆದವರು ಅಲ್ಲಿಗೆ ಹೋಗುವುದು ವಾಡಿಕೆಯೇ ಆಗಿತ್ತು. ಆದರೆ 2016ರ ಏಪ್ರಿಲ್‌ನಿಂದ ಅಲ್ಲಿನ 67 ಮಹಾನಗರ ಪ್ರದೇಶಗಳಲ್ಲಿ, ಆಪರೇಷನ್‌ನಿಂದ ಹಿಡಿದು ಡಿಸ್ಚಾರ್ಜ್ ಆಗಿ 90 ದಿನಗಳವರೆಗಿನ ಒಟ್ಟು ವೆಚ್ಚಕ್ಕೆ ಆಸ್ಪತ್ರೆಯನ್ನೇ ಹೊಣೆಯಾಗಿಸುವ ಪದ್ಧತಿಯನ್ನು ತಂದರು. ಆಮೇಲೆ ಆಸ್ಪತ್ರೆಗಳು ರೋಗಿಗಳನ್ನು ಕೇಂದ್ರಗಳಿಗೆ ಕಳಿಸುವುದನ್ನು ಕಡಿಮೆ ಮಾಡಿ ಮನೆಗೇ ಕಳಿಸತೊಡಗಿದವು, ಖರ್ಚು ಸ್ವಲ್ಪ ಇಳಿಯಿತು, ತೊಡಕುಗಳು ಹೆಚ್ಚಲಿಲ್ಲ. ಬಿಲ್ಲು ಯಾರ ಜೇಬಿಗೆ ತಟ್ಟುತ್ತದೆಯೋ ಅದರ ಮೇಲೆ ವೈದ್ಯಕೀಯ ಸಲಹೆ ಎಷ್ಟು ಬೇಗ ಬದಲಾಗುತ್ತದೆ ಎಂಬುದು ನನಗಂತೂ ಬಲು ಸ್ವಾರಸ್ಯದ ಸಂಗತಿಯಾಗಿ ಕಂಡಿತು.

ಇಷ್ಟು ಓದಿದವರು ಮನೆಯೇ ಅಗ್ಗ, ಮನೆಯೇ ಸಾಕು ಎಂದುಕೊಳ್ಳಬಹುದು. ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಮನೆ ಅಗ್ಗವಾಗಿ ಕಾಣುವುದು ಅಲ್ಲಿ ಆಗುವ ಕೆಲಸಕ್ಕೆ ಬಿಲ್ಲು ಬರುವುದಿಲ್ಲವಾದ್ದರಿಂದ. ಮೊದಲ ಎರಡು ವಾರ ರಾತ್ರಿ ಎರಡು ಮೂರು ಸಲ ಎಬ್ಬಿಸಿ ವಾಕರ್ ಹಿಡಿಸಿ ಬಚ್ಚಲಿಗೆ ಕರೆದುಕೊಂಡು ಹೋಗಬೇಕು. ಹೊಲಿಗೆಯ ಮೇಲೆ ನೀರು ಬೀಳದಂತೆ ಮೈ ಒರೆಸಬೇಕು. ವ್ಯಾಯಾಮವಾದ ಮೇಲೆ ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಇಡಬೇಕು. ರಕ್ತ ಹೆಪ್ಪುಗಟ್ಟದ ಮಾತ್ರೆ, ನೋವಿನ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇವೆಲ್ಲದರ ಹೊತ್ತು ನೋಡಬೇಕು. ನೋವಿನ ಮಾತ್ರೆಯಿಂದ ಮಲಬದ್ಧತೆಯಾದರೆ ಅದಕ್ಕೂ ಉಪಾಯ ಮಾಡಬೇಕು. ನಮ್ಮ ಸಮಾಜದಲ್ಲಿ ಈ ಪಟ್ಟಿಯ ಮುಂದೆ ಯಾರ ಹೆಸರು ಬರೆದಿರುತ್ತದೆಂದು ಹೇಳಬೇಕಿಲ್ಲ. ಡಾಕ್ಟರು "ಮನೇಲಿ ಯಾರಿದ್ದಾರೆ ನೋಡ್ಕೊಳ್ಳೋಕೆ?" ಎಂದು ಕೇಳಿದಾಗ ನನ್ನ ಗಂಡ ತಡಮಾಡದೆ "ಇವಳಿದ್ದಾಳೆ ಸರ್" ಎಂದರು. ಇವಳಿಗೆ ಬೆಳಗ್ಗೆ ಹತ್ತಕ್ಕೆ ಕೌಂಟರಿನಲ್ಲಿ ಇರಬೇಕೆಂಬುದು ಆ ಉತ್ತರದಲ್ಲಿ ಇರಲಿಲ್ಲ.

ವಿಮೆಯೂ ಇದೇ ಧಾಟಿಯಲ್ಲಿ ಯೋಚಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ರೀತಿಯಲ್ಲಿ ರೂಪಿಸಿಕೊಟ್ಟ, ವಿಮೆಯ ಹಣ ಸಿಗದ ಬಾಬತ್ತುಗಳ ಪಟ್ಟಿಯಲ್ಲಿ ಐದನೆಯ ಸಂಕೇತ ಸಂಖ್ಯೆಯದು ವಿಶ್ರಾಂತಿ, ಪುನಶ್ಚೇತನ ಮತ್ತು ಆರೈಕೆಗೆ ಸಂಬಂಧಿಸಿದ್ದು. ಚಿಕಿತ್ಸೆಗಾಗಿ ಅಲ್ಲದೆ ಮುಖ್ಯವಾಗಿ ವಿಶ್ರಾಂತಿಗಾಗಿ ಎಲ್ಲಿಯಾದರೂ ದಾಖಲಾದರೆ ಅದಕ್ಕೆ ಹಣ ಬರುವುದಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಹಾಕಿಸುವುದು, ನಡೆಸಿಕೊಂಡು ಹೋಗುವುದು ಇಂಥ ಆರೈಕೆಗೆ, ಅದು ಕೇಂದ್ರದಲ್ಲಾಗಲಿ ಮನೆಯಲ್ಲಾಗಲಿ, ಹಣ ಬರುವುದಿಲ್ಲ. ಆದರೆ ಡಿಸ್ಚಾರ್ಜ್ ಆದ ನಂತರದ ವೆಚ್ಚಕ್ಕೆಂದು ಬಹಳಷ್ಟು ಪಾಲಿಸಿಗಳಲ್ಲಿ ಒಂದು ಅವಧಿ ಇರುತ್ತದೆ. ಎಲ್ಲ ಕಂಪನಿಗಳೂ ಮಾರುವ 'ಆರೋಗ್ಯ ಸಂಜೀವಿನಿ' ಪಾಲಿಸಿಯಲ್ಲಿ ಅದು 60 ದಿನ. ಸರ್ಜನ್ ಚೀಟಿಯಲ್ಲಿ ಫಿಸಿಯೋಥೆರಪಿಯನ್ನು ಸ್ಪಷ್ಟವಾಗಿ ಬರೆದುಕೊಟ್ಟು, ಫಿಸಿಯೋ ನೋಂದಣಿ ಸಂಖ್ಯೆಯಿರುವ ರಸೀದಿ ಕೊಟ್ಟಿದ್ದರೆ ಆ ಅವಧಿಯ ಬಿಲ್ಲುಗಳನ್ನು ಪಾಲಿಸಿಯ ಷರತ್ತಿನಂತೆ ಕ್ಲೇಮಿಗೆ ಹಾಕಬಹುದು. ನಮ್ಮ ಡಿಸ್ಚಾರ್ಜ್ ಪತ್ರದಲ್ಲಿ ಆ ಸಾಲು ಇರಲಿಲ್ಲ. ಹೊಲಿಗೆ ತೆಗೆಸಲು ಹೋದ ದಿನ ಕೇಳಿ ಬರೆಸಿಕೊಂಡೆ. ಡಾಕ್ಟರಿಗೆ ಅದು ಒಂದು ನಿಮಿಷದ ಕೆಲಸ.

ಹಾಗಾದರೆ ಕೇಂದ್ರಕ್ಕೆ ಕೊಡಬೇಕಿದ್ದ ಹಣ ಎಲ್ಲಿಗೆ ಹೋಗಬೇಕು? ನಾವು ಮೊದಲು ಹಾಕಿದ್ದು ರಾತ್ರಿಯ ಆಯಾಗೆ. ಅತ್ತೆಯವರು ಒಪ್ಪಲಿಲ್ಲ. "ಹೊರಗಿನೋರು ಯಾಕಮ್ಮ, ಮನೇಲಿ ನೀನಿಲ್ವಾ?" ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ. ತಮ್ಮ ಅತ್ತೆಗೆ ಅವರು ಮಾಡಿದ್ದೂ ಅದನ್ನೇ, ಯಾರೂ ಅದಕ್ಕೆ ಲೆಕ್ಕ ಇಟ್ಟಿರಲಿಲ್ಲ. ರಾತ್ರಿ ನಿದ್ದೆಗೆಟ್ಟವಳು ಹಗಲು ಬ್ಯಾಂಕಿನ ಹಣ ಎಣಿಸುವುದು ಬೇಡವೆಂದು ಗಂಡನಿಂದಲೇ ಹೇಳಿಸಿದೆ. ಮಗನ ಬಾಯಿಂದ ಬಂದದ್ದಕ್ಕೋ ಏನೋ ಮಾತು ನಡೆಯಿತು. ಆಯಾಗೆ ಒಂದು ರಾತ್ರಿಗೆ ಸಾವಿರದ ಇನ್ನೂರು, ಫಿಸಿಯೋ ಒಮ್ಮೆ ಬಂದರೆ ಏಳುನೂರು. ಎರಡನ್ನೂ ಕೂಡಿಸಿದರೂ ಕೇಂದ್ರದ ಒಂದು ದಿನದ ದರದ ಮೂರನೇ ಒಂದು ಭಾಗವನ್ನು ಮುಟ್ಟುವುದಿಲ್ಲ.

ಫಿಸಿಯೋ ಭೇಟಿಗಳನ್ನು ಸಮನಾಗಿ ಹಂಚಬಾರದು ಎಂಬುದು ನಮಗೆ ಸಿಕ್ಕ ಬೆಲೆಬಾಳುವ ಸಲಹೆ. ಆಪರೇಷನ್ನಿಗೆ ಮುಂಚೆಯೇ ಒಮ್ಮೆ ಕರೆಸಿ, ನೋವಿಲ್ಲದ ತಲೆಯಲ್ಲಿ ವ್ಯಾಯಾಮಗಳನ್ನು ಕಲಿತು, ವಾಕರಿನ ಎತ್ತರವನ್ನು ಮಣಿಕಟ್ಟಿಗೆ ಸರಿಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಡಿಸ್ಚಾರ್ಜ್ ಆದ ಮೊದಲ ಎರಡು ವಾರ ಹತ್ತಿರ ಹತ್ತಿರದಲ್ಲಿ ಬರಬೇಕು, ಆಮೇಲೆ ವಾರಕ್ಕೊಮ್ಮೆ ಬಂದು ಅಳೆದು, ಹೊಸ ವ್ಯಾಯಾಮ ಹೇಳಿಕೊಟ್ಟು ಹೋದರೂ ಸಾಕು. ತಿಂಗಳಿಡೀ ದಿನವೂ ಬರುವ ಪ್ಯಾಕೇಜನ್ನು ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಹೇಳುವವರಿದ್ದಾರೆ. ನಾಲ್ಕನೇ ವಾರದಲ್ಲಿ ದಿನವೂ ಬಂದು ಅವರು ಮಾಡಿಸುವುದು ಅತ್ತೆಯವರು ಒಬ್ಬರೇ ಮಾಡಿಕೊಳ್ಳಬಲ್ಲದ್ದನ್ನೇ. ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳಿಗೆ ಹೆಚ್ಚು ಹಣ ಬೇಕಾಗಲಿಲ್ಲ: ಕೈಯಿರುವ ಎತ್ತರದ ಕುರ್ಚಿ, ಕಮೋಡಿನ ಮೇಲೆ ಕೂರಿಸುವ ಎತ್ತರದ ಸೀಟು, ಬಚ್ಚಲಿನ ಗೋಡೆಗೊಂದು ಹಿಡಿಕೆ, ನಡುಮನೆಯ ಕಾಲೊರೆಸು ಚಾಪೆಗಳೆಲ್ಲ ಅಟ್ಟಕ್ಕೆ. ಇಂಡಿಯನ್ ಕಕ್ಕಸು ಮಾತ್ರವಿರುವ ಮನೆಗಳಲ್ಲಿ ಅದರ ಮೇಲೆ ಇಡುವ ಕಮೋಡ್ ಚೇರ್ ಬೇಕೇ ಬೇಕು.

ಖರ್ಚು ಉಳಿಸಬಾರದ ಜಾಗವೂ ಇದೆ. ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ, ಜ್ವರ ಬಂದರೆ, ಹೊಲಿಗೆಯಿಂದ ನೀರೋ ಕೀವೋ ಸೋರಿದರೆ ಫಿಸಿಯೋ ಬರುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇವು ಹೆಪ್ಪುಗಟ್ಟಿದ ರಕ್ತದ, ಸೋಂಕಿನ ಲಕ್ಷಣಗಳು.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರು ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು, ಮನೆ ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಎರಡೂ ಮಂಡಿಗಳನ್ನು ಒಟ್ಟಿಗೇ ಬದಲಾಯಿಸಿಕೊಂಡಿದ್ದರು. ಅವರು ಕೇಂದ್ರಕ್ಕೆ ಹೋದದ್ದು ಸರಿಯಾದ ತೀರ್ಮಾನವೆಂದೇ ನಾನು ಈಗಲೂ ಹೇಳುತ್ತೇನೆ. ಒಂದು ಕಾಲು ಆಪರೇಷನ್ ಆದವರಿಗೆ ಇನ್ನೊಂದು ಕಾಲು ಊರಿ ನಿಲ್ಲಲು ಇರುತ್ತದೆ, ಎರಡೂ ಆದವರಿಗೆ ಅದಿಲ್ಲ. ಸೊಂಟದ ಕೀಲು ಬದಲಾಯಿಸಿಕೊಂಡು ಒಬ್ಬರೇ ಇರುವವರೂ ಇದೇ ಸಾಲಿಗೆ ಸೇರುತ್ತಾರೆ. ಹಿಂಬದಿಯಿಂದ ಆಪರೇಷನ್ ಮಾಡಿದ್ದರೆ ಕೀಲು ಜಾರದಿರಲು ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂಬ ನಿರ್ಬಂಧಗಳಿರುವುದರಿಂದ ಬಿದ್ದ ಚಪ್ಪಲಿ ಎತ್ತಿಕೊಳ್ಳಲಿಕ್ಕೂ ಇನ್ನೊಬ್ಬರು ಬೇಕಾಗುತ್ತದೆ. ಮೇಷ್ಟ್ರು ಲೆಕ್ಕದ ಪಾಠ ಮಾಡಿದವರು. ಸೇರುವ ಮುಂಚೆಯೇ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿದರು: ದಿನಕ್ಕೆ ಫಿಸಿಯೋ ಎಷ್ಟು ಬಾರಿ, ಎಷ್ಟು ಹೊತ್ತು; ಮೆಟ್ಟಿಲು ಹತ್ತಿಸಿ ಅಭ್ಯಾಸ ಮಾಡಿಸುತ್ತೀರಾ; ದಿನದ ದರದಲ್ಲಿ ಸೇರದ ಬಾಬತ್ತುಗಳು ಯಾವುವು. ಮೂರನೆಯದಕ್ಕೆ ಉತ್ತರ ಬಂದ ಮೇಲೆ ಒಂದು ಕೇಂದ್ರವನ್ನು ಬಿಟ್ಟು ಇನ್ನೊಂದನ್ನು ಹಿಡಿದರು. ಹೊರಡುವ ಗುರಿಯನ್ನು ಅವರು ದಿನದ ಲೆಕ್ಕದಲ್ಲಿ ಇಟ್ಟುಕೊಳ್ಳಲಿಲ್ಲ. ತಮ್ಮ ಮನೆಯಷ್ಟೇ ಮೆಟ್ಟಿಲುಗಳನ್ನು, ಹತ್ತುವಾಗ ಹೆಚ್ಚು ಬಲವಿರುವ ಕಾಲು ಮೊದಲು, ಇಳಿಯುವಾಗ ಹೆಚ್ಚು ನೋವಿರುವ ಕಾಲು ಮೊದಲು ಎಂಬ ಕ್ರಮದಲ್ಲಿ, ಯಾರೂ ಹಿಡಿದುಕೊಳ್ಳದೆ ಹತ್ತಿ ಇಳಿದ ದಿನ ಹೊರಡುತ್ತೇನೆ ಎಂದು ಹೇಳಿ ಹಾಗೆಯೇ ಮಾಡಿದರು. ಮಗನಿಗೆ ಒಂದು ತಿಂಗಳಾದರೂ ಇರಲಿ ಎಂಬ ಆಸೆ ಇತ್ತು.

ಇಲ್ಲಿಯವರೆಗೆ ಬರೆದದ್ದೆಲ್ಲ ಆಯ್ಕೆ ಇರುವವರ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆಯುಷ್ಮಾನ್ ಭಾರತ್‌ನ ನಿಯಮದಂತೆ ಡಿಸ್ಚಾರ್ಜ್ ಆದ ಮೇಲಿನ 15 ದಿನಗಳ ಔಷಧ ಮತ್ತು ತಪಾಸಣೆ ಪ್ಯಾಕೇಜಿನಲ್ಲೇ ಸೇರಿದೆ. ಮಂಡಿಗೆ ಬೇಕಾದದ್ದು ಆರು ವಾರದ ದುಡಿಮೆ. ಹದಿನೈದನೇ ದಿನಕ್ಕೆ ಹೊಲಿಗೆ ತೆಗೆದು ಮುಗಿದಿರುತ್ತದೆ, ಮಡಚುವ ಕೆಲಸ ಇನ್ನೂ ಅರ್ಧದಲ್ಲಿರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ ನಿಜ, ಆದರೆ ಹಳ್ಳಿಯಿಂದ ಅಲ್ಲಿಗೆ ಹೋಗುವುದು ಹೇಗೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾರಿಗೆ ಬಸ್ಸಿನ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ. ಆದರೆ ವಾಕರ್ ಹಿಡಿದ ಮುದುಕಿಗೆ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಟಿಕೆಟ್ಟಿಗಿಂತ ದೊಡ್ಡ ಅಡ್ಡಿ. ಆಟೋ ಮಾಡಿಕೊಂಡು ಹೋದರೆ ಜೊತೆಗೆ ಬರುವವರ ಒಂದು ದಿನದ ಕೂಲಿಯೂ ಹೋಗುತ್ತದೆ.

ಇಂಥವರಿಗೆ ಕೇಂದ್ರದ ಹಾಸಿಗೆಗಿಂತಲೂ, ಮನೆಗೆ ಬರುವ ಫಿಸಿಯೋಗಿಂತಲೂ ಮೊದಲು ಬೇಕಾದದ್ದು ಡಿಸ್ಚಾರ್ಜ್ ಪತ್ರದ ಜೊತೆಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ. ಅತ್ತೆಯವರ ಪತ್ರದ ಕೊನೆಯಲ್ಲಿದ್ದದ್ದು ವ್ಯಾಯಾಮ ಮುಂದುವರಿಸಿ ಎಂಬ ಅರ್ಥದ ಇಂಗ್ಲಿಷ್ ಸಾಲೊಂದೇ, ಯಾವ ವ್ಯಾಯಾಮ ಎಂದು ಅದರಲ್ಲಿರಲಿಲ್ಲ. ಆ ಹಾಳೆಯಲ್ಲಿ ಟವೆಲಿನ, ಪ್ಲಾಸ್ಟಿಕ್ ಕವರಿನ, ಕುರ್ಚಿಯ ವ್ಯಾಯಾಮಗಳ ಚಿತ್ರವಿರಬೇಕು. ಮಂಡಿಯ ಕೆಳಗೆ ದಿಂಬಿಟ್ಟ ಚಿತ್ರದ ಮೇಲೊಂದು ಅಡ್ಡಗೆರೆಯಿರಬೇಕು. ಎಷ್ಟನೇ ವಾರಕ್ಕೆ ಮಂಡಿ ಎಷ್ಟು ಮಡಚಬೇಕು, ಯಾವ ಲಕ್ಷಣ ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದಿರಬೇಕು. ಹೊಲಿಗೆ ತೆಗೆಯುವ ದಿನ ರೋಗಿ ಹೇಗೂ ಬಂದೇ ಬರುತ್ತಾರೆ. ಅಂದು ಕೋನಮಾಪಕ ಹಿಡಿದು ಮಡಚುವಿಕೆ ಎಷ್ಟು, ಚಾಚುವಿಕೆ ಎಷ್ಟು ಎಂದು ಅಳೆದು ಅದೇ ಹಾಳೆಯಲ್ಲಿ ಬರೆಯಲು ಎರಡು ನಿಮಿಷ ಸಾಕು. ಆರನೇ ವಾರದಲ್ಲೂ 90 ಡಿಗ್ರಿ ದಾಟದೆ ಬಿಗಿದುಕೊಂಡ ಮಂಡಿಯನ್ನು ಅರಿವಳಿಕೆ ಕೊಟ್ಟು ಸರ್ಜನ್ನರೇ ಬಗ್ಗಿಸಿ ಬಿಡಿಸುವ ದಾರಿಯಿದೆ, ಆದರೆ ಅದನ್ನು ಮೂರು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಆ ಅಳತೆಯನ್ನು ಯಾರೂ ಬರೆದಿಟ್ಟಿರದ ರೋಗಿ, ಆಪರೇಷನ್ ಆದ ಮೇಲೆ ಹೀಗೇ ಇರುತ್ತದೇನೋ ಎಂದುಕೊಂಡು, ಆ ಮೂರು ತಿಂಗಳನ್ನು ಊರಿನಲ್ಲೇ ಕಳೆದುಬಿಡುತ್ತಾರೆ.